ಕಾರ್ಡಿನಲ್ಲಿ ವಾಗ್ದಾನ, ತೋಟದಲ್ಲಿ ಕೊಳೆ

ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿಯುವ ಹೊತ್ತಿಗೆ ನಮ್ಮ ಕಡೆಯ ಹಲವು ಕ್ರೈಸ್ತ ಸಭೆಗಳಲ್ಲಿ ಒಂದು ಸ್ಟೀಲ್ ತಟ್ಟೆ ಬರುತ್ತದೆ. ತಟ್ಟೆ ತುಂಬ ಸಣ್ಣ ಸಣ್ಣ ಕಾರ್ಡು, ಎಲ್ಲವನ್ನೂ ಬೋರಲು ಹಾಕಿಟ್ಟಿರುತ್ತಾರೆ. ಒಬ್ಬೊಬ್ಬರು ಒಂದೊಂದು ಎತ್ತಿಕೊಳ್ಳಬೇಕು. ಅದರಲ್ಲಿ ಸತ್ಯವೇದದ, ಅಂದರೆ ಬೈಬಲಿನ, ಒಂದು ವಚನ ಇರುತ್ತದೆ. ಅದೇ ಆ ವರ್ಷದ ವಾಗ್ದಾನ. ಹೊರಗೆ ಚಳಿ, ಪಟಾಕಿ ಸದ್ದು. ಒಳಗೆ ಎಲ್ಲರೂ ಪಕ್ಕದವರ ಕಾರ್ಡ್ ಇಣುಕಿ ನೋಡುತ್ತಿರುತ್ತಾರೆ. "ನಿಂಗೆ ಯಾವ್ದು ಬಂತು?"

ನಮ್ಮ ದೊಡ್ಡಮ್ಮನಿಗೆ ಒಂದು ವರ್ಷ ಯೆರೆಮೀಯ 29:11 ಬಂತು. ನಿಮ್ಮ ಬಗ್ಗೆ ನಾನು ಯೋಚಿಸಿರುವುದು ಹಿತವನ್ನೇ, ಅಹಿತವನ್ನಲ್ಲ, ನಿಮಗೆ ನಿರೀಕ್ಷೆ ಇರಲಿ ಅಂತಲೇ ಯೋಚಿಸಿದ್ದೇನೆ ಎಂದು ದೇವರು ಹೇಳುವ ಮಾತು. ದೊಡ್ಡಮ್ಮ ಅದನ್ನು ಅಡುಗೆಮನೆಯ ಗೋಡೆ ಗಡಿಯಾರದ ಸಂದಿಗೆ ಸಿಕ್ಕಿಸಿದರು.

ಆ ವರ್ಷ ಆಗಸ್ಟ್‌ನಲ್ಲಿ ತೀರ್ಥಹಳ್ಳಿ ಕಡೆ ಮಳೆ ಬಿಡಲೇ ಇಲ್ಲ. ಮಳೆಗಾಲಕ್ಕೆ ಮೊದಲು ಅಡಿಕೆಗೆ ಕೊಳೆರೋಗ ಬಾರದ ಹಾಗೆ ಒಂದು ಸಲ ಬೋರ್ಡೋ ದ್ರಾವಣ ಹೊಡೆಸಿದ್ದರು. ನಲವತ್ತು ದಿನ ಬಿಟ್ಟು ಎರಡನೇ ಸಲ ಹೊಡೆಸಬೇಕು. ಅದಕ್ಕೆ ಮಳೆಯೂ ಹೊಳವಾಗಬೇಕು, ಮರ ಹತ್ತಿ ಹೊಡೆಯುವ ಕೊನೆಗೌಡನೂ ಸಿಗಬೇಕು. ಎರಡೂ ಆಗಲಿಲ್ಲ. ನಾನು ಹೋದಾಗ ಮರದ ಬುಡದಲ್ಲೆಲ್ಲ ಹಸಿ ಅಡಿಕೆ ಉದುರಿ ಬಿದ್ದಿತ್ತು. ಕಾಯಿಯ ಮೇಲೆ ಬೂದಿ ಎರಚಿದ ಹಾಗೆ ಬಿಳಿ ಬೂಸ್ಟು. ದೊಡ್ಡಮ್ಮ ಮಳೆಗೆ ಗೊರಬು ಹಾಕಿಕೊಂಡು ಒಂದೊಂದೇ ಹೆಕ್ಕಿ ಬಕೆಟ್ಟಿಗೆ ಹಾಕುತ್ತಿದ್ದರು. ತಲೆ ಎತ್ತದೆ ಕೇಳಿದರು, "ನೀನು ಓದಿದವ, ಹೇಳು ಮಾರಾಯ. ಹಿತ ಮಾಡ್ತೀನಿ ಅಂದವ್ನು ಇದೆಂತದು ಮಾಡಿದ್ದು? ಕಾರ್ಡ್ ಸುಳ್ಳಾ? ಅಲ್ಲಾ, ನಾನು ನಂಬಿದ್ದೇ ಕಮ್ಮಿ ಆಯ್ತಾ?"

ಆಗ ನನಗೆ ಬಾಯಿ ಬರಲಿಲ್ಲ. ಸುಮ್ನೆ ನಾನೂ ಹೆಕ್ಕತೊಡಗಿದೆ. ಆಮೇಲೆ ಯೋಚನೆ ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ದೊಡ್ಡಮ್ಮ ಇಟ್ಟದ್ದು ಎರಡೇ ದಾರಿ. ಒಂದೋ ವಾಗ್ದಾನ ಸುಳ್ಳು, ಇಲ್ಲವೋ ನನ್ನ ನಂಬಿಕೆ ಸಾಲದು. ಸಂಶಯ ಬಂದ ಕ್ರೈಸ್ತರು ಹೆಚ್ಚು ಕಮ್ಮಿ ಎಲ್ಲರೂ ಈ ಎರಡರ ನಡುವೆಯೇ ಸಿಕ್ಕಿಕೊಳ್ಳುತ್ತಾರೆ. ಸತ್ಯವೇದವನ್ನು ನಿಧಾನಕ್ಕೆ ಓದಿದರೆ ಎರಡೂ ಸರಿಯಲ್ಲ ಅಂತ ನನಗೆ ಅನ್ನಿಸುತ್ತದೆ.

ಮೊದಲು ಕಾರ್ಡಿನ ಕತೆ. ಆ ವಚನ ಒಂದು ಪತ್ರದ ನಡುವಿನ ಸಾಲು. ಕ್ರಿ.ಪೂ. 597ರಲ್ಲಿ ಬಾಬೆಲಿನ (ಬ್ಯಾಬಿಲೋನಿನ) ಅರಸ ನೆಬೂಕದ್ನೆಚ್ಚರ ಯೆರೂಸಲೇಮಿನಿಂದ ರಾಜನನ್ನೂ ಬಡಗಿ ಕಮ್ಮಾರರನ್ನೂ ಸೆರೆ ಹಿಡಿದು ಕರೆದೊಯ್ದ. ಊರು ಬಿಟ್ಟು ಹೋದ ಆ ಜನರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ ಅದು. ಅದಕ್ಕೆ ಮೊದಲಿನ ಅಧ್ಯಾಯದಲ್ಲಿ ಹನನ್ಯ ಎಂಬ ಇನ್ನೊಬ್ಬ ಪ್ರವಾದಿ ಬರುತ್ತಾನೆ. ಇನ್ನು ಎರಡೇ ವರ್ಷ, ಎಲ್ಲರೂ ವಾಪಸ್ ಬರ್ತಾರೆ ಅಂತ ದೇವಾಲಯದಲ್ಲಿ ಜನರ ಮುಂದೆ ಘೋಷಿಸುತ್ತಾನೆ. ಯೆರೆಮೀಯ ಅದಕ್ಕೆ ಮೊದಲು "ಆಮೆನ್, ಹಾಗೇ ಆಗಲಿ" ಅನ್ನುತ್ತಾನೆ. ಯಾರಿಗೆ ಬೇಡ, ಅಲ್ವಾ? ಆದರೆ ದೇವರು ಹೇಳಿದ್ದು ಎರಡು ವರ್ಷ ಅಲ್ಲ, 70 ವರ್ಷ. ಕಾರ್ಡಿನ ವಚನ 11ನೆಯದು. 70 ವರ್ಷದ ಮಾತು ಅದಕ್ಕೆ ಸ್ವಲ್ಪ ಮೊದಲೇ, 10ನೇ ವಚನದಲ್ಲಿದೆ. ಪತ್ರ ಓದಿದ ದೊಡ್ಡವರಲ್ಲಿ ಹೆಚ್ಚಿನವರು ವಾಪಸ್ ಹೋಗುವುದನ್ನು ನೋಡುವುದಿಲ್ಲ ಎಂದೇ ಅರ್ಥ.

ಹಾಗಾದರೆ ಆ ವಚನ ನಮಗಲ್ಲವಾ? ಅದು ನಮ್ಮ ಈ ವರ್ಷದ ಫಸಲಿಗೆ ಬರೆದುಕೊಟ್ಟ ಕರಾರು ಪತ್ರ ಅಲ್ಲ. ಆ ಪತ್ರ ಬರೆಸಿದ ದೇವರು ಎಂಥವರು ಅಂತ ಅದು ತೋರಿಸುತ್ತದೆ, ಆ ದೇವರು ನಮಗೂ ದೇವರೇ. ಈ ವ್ಯತ್ಯಾಸ ಬಹಳ ಮುಖ್ಯ. ಸತ್ಯವೇದದ ಕೆಲವು ವಾಗ್ದಾನ ಒಬ್ಬರಿಗೇ ಕೊಟ್ಟದ್ದು. ಮುಂದಿನ ವರ್ಷ ಇಷ್ಟು ಹೊತ್ತಿಗೆ ಅಬ್ರಹಾಮನ ಹೆಂಡತಿ ಸಾರಳಿಗೆ ಮಗ ಅನ್ನುವುದು ಸಾರಳಿಗೆ ಮಾತ್ರ. ಕೆಲವು ಒಂದು ಜನಾಂಗಕ್ಕೆ. ಕೆಲವಕ್ಕೆ ಷರತ್ತು ಇದೆ. ಕೆಲವು ಮಾತ್ರ ಎಲ್ಲ ಕಾಲಕ್ಕೂ ಯೇಸುಸ್ವಾಮಿಯ ಶಿಷ್ಯರೆಲ್ಲರಿಗೂ ಸೇರಿದ್ದು. ಯುಗದ ಸಮಾಪ್ತಿಯ ತನಕ ನಿಮ್ಮ ಸಂಗಡ ಇರುತ್ತೇನೆ ಎನ್ನುವುದು ಅಂಥದ್ದು. ಲೋಕದಲ್ಲಿ ನಿಮಗೆ ಸಂಕಟ ಉಂಟು ಎನ್ನುವುದೂ ಅಂಥದ್ದೇ. ಯೋಹಾನನ ಸುವಾರ್ತೆಯ 16ನೇ ಅಧ್ಯಾಯದ ಕೊನೆಯಲ್ಲಿದೆ. ಅದರ ಮುಂದೆಯೇ ಧೈರ್ಯವಾಗಿರಿ ಎಂಬ ಮಾತೂ ಇದೆ. ಆದರೂ ಮೊದಲರ್ಧವನ್ನು ಕಾರ್ಡಿನಲ್ಲಿ ಅಚ್ಚು ಹಾಕಿಸಿದವರನ್ನು ನಾನು ನೋಡಿಲ್ಲ. ಹೊಸ ವರ್ಷದ ರಾತ್ರಿ ಅದನ್ನು ಎತ್ತಿದವರ ಮುಖ ಹೇಗಿರುತ್ತದೋ.

ಅಂದರೆ ಸಂಶಯ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ, ದೇವರು ಮಾತು ತಪ್ಪಿದರಾ ಅನ್ನುವುದಲ್ಲ. ಈ ಮಾತನ್ನು ಅವರು ಕೊಟ್ಟಿದ್ದರಾ, ಯಾರಿಗೆ, ಏನಂತ? ಕೊಡದ ಮಾತಿಗೆ ತಗಾದೆ ಹೋದರೆ ಬರಿಗೈಲಿ ಬರಬೇಕಾಗುತ್ತದೆ.

ಇನ್ನು ಎರಡನೇ ದಾರಿ. ನನ್ನ ನಂಬಿಕೆ ಸಾಲದು ಅನ್ನುವುದು. ಕಾಯಿಲೆ ಬಿದ್ದವರ ಮಂಚದ ಪಕ್ಕ ನಿಂತು "ನಿಮ್ಮ ವಿಶ್ವಾಸ ಜಾಸ್ತಿ ಇದ್ದಿದ್ದರೆ ವಾಸಿಯಾಗುತ್ತಿತ್ತು" ಅಂದವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಇದಕ್ಕಿಂತ ನಿರ್ದಯದ ಮಾತು ಇನ್ನೊಂದಿಲ್ಲ. ಸತ್ಯವೇದದ ಲೆಕ್ಕಕ್ಕೂ ಅದು ಹೊಂದುವುದಿಲ್ಲ.

ನಾವು ಪ್ರಾರ್ಥನೆ ಮುಗಿಸುವಾಗ ಹೇಳುವ ಆಮೆನ್ ಹೀಬ್ರೂ ಮಾತು. ಗಟ್ಟಿಯಾಗಿರುವುದು, ಆಧಾರವಾಗಿ ನಿಲ್ಲುವುದು ಅನ್ನುವ ಬೇರಿನಿಂದ ಬಂದದ್ದು. ನಂಬಿಕೆ, ನಂಬಿಗಸ್ತಿಕೆ ಎರಡಕ್ಕೂ ಹೀಬ್ರೂವಿನಲ್ಲಿ ಬರುವ ಎಮುನಾ ಎಂಬ ಪದವೂ ಅದೇ ಬೇರಿನದು. ವಿಮೋಚನಕಾಂಡ 17ರಲ್ಲಿ ಅದೇ ಪದ ಇಸ್ರಾಯೇಲ್ಯರ ನಾಯಕ ಮೋಶೆಯ ಕೈಗಳಿಗೆ ಬಳಕೆಯಾಗಿದೆ. ಅಮಾಲೇಕ್ಯರ ಜೊತೆ ಯುದ್ಧ ನಡೆಯುತ್ತಿರುತ್ತದೆ. ಮೋಶೆ ಗುಡ್ಡದ ಮೇಲೆ ಕೈ ಎತ್ತಿದರೆ ಇಸ್ರಾಯೇಲ್ಯರದು ಮೇಲುಗೈ, ಇಳಿಸಿದರೆ ಶತ್ರುಗಳದು. ಕೈ ಸೋಲುತ್ತದೆ. ಕೂರಲು ಒಂದು ಕಲ್ಲು ತಂದಿಡುತ್ತಾರೆ. ಆರೋನ ಒಂದು ಕಡೆ, ಹೂರ ಇನ್ನೊಂದು ಕಡೆ ನಿಂತು ಕೈ ಹಿಡಿದುಕೊಳ್ಳುತ್ತಾರೆ. ಹೊತ್ತು ಮುಳುಗುವ ತನಕ ಅವನ ಕೈ ಎಮುನಾ ಆಗಿತ್ತು, ಅಂದರೆ ಅಲುಗಲಿಲ್ಲ. ಆ ಕೈಯಲ್ಲಿ ಸ್ವಂತ ಬಲ ಎಷ್ಟಿತ್ತು? ಏನೂ ಇರಲಿಲ್ಲ. ಆತು ನಿಂತಿತ್ತು, ಅಷ್ಟೆ. ಮೆಣಸಿನ ಬಳ್ಳಿ ಹಬ್ಬಿಸುವಾಗ ನಾವು ಬಳ್ಳಿ ಗಟ್ಟಿಯಿದೆಯಾ ಅಂತ ನೋಡುವುದಿಲ್ಲ, ಮರ ನೋಡುತ್ತೇವೆ.

ಕನ್ನಡದಲ್ಲಿ ಸಂಶಯ ಅಂತ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆದರೆ ಅದು ಒಂದೇ ಬಗೆಯದಲ್ಲ. ಯಾಕೋಬನ ಪತ್ರ ಸಂದೇಹಪಡುವವನನ್ನು ಗಾಳಿಗೆ ಹೊಯ್ದಾಡುವ ಸಮುದ್ರದ ತೆರೆಗೆ ಹೋಲಿಸುತ್ತದೆ. ಎರಡು ಮನಸ್ಸಿನವನು ಅನ್ನುತ್ತದೆ. ಅಲ್ಲಿ ಹೇಳುತ್ತಿರುವುದು ಎರಡು ದೋಣಿಯ ಮೇಲೆ ಕಾಲಿಟ್ಟವನ ಬಗ್ಗೆ. ದೇವರೂ ಬೇಕು, ಬೇರೆ ಏರ್ಪಾಡೂ ಇರಲಿ ಅನ್ನುವವನು. ನಂಬಬೇಕು ಅಂತ ಒದ್ದಾಡುತ್ತಿರುವವರ ಕತೆ ಬೇರೆ. ಸಂಶಯಪಡುವವರಿಗೆ ಕರುಣೆ ತೋರಿಸಿ ಅಂತ ಯೂದನ ಪತ್ರ ನೇರವಾಗಿ ಹೇಳುತ್ತದೆ. ಮಾರ್ಕನ ಸುವಾರ್ತೆಯಲ್ಲಿ ಮೂರ್ಛೆ ಬೀಳುವ ಮಗನನ್ನು ಕರೆತಂದ ಅಪ್ಪ, ನಂಬುತ್ತೇನೆ ಅನ್ನುತ್ತಾನೆ. ಅದೇ ಉಸಿರಿನಲ್ಲಿ ನನ್ನ ಅಪನಂಬಿಕೆಗೂ ನೀನೇ ಏನಾದರೂ ಮಾಡು ಅಂತ ಅಂಗಲಾಚುತ್ತಾನೆ. ಮೊದಲು ಪೂರ್ತಿ ನಂಬಿ ಬಾ ಅಂತ ಯೇಸುಸ್ವಾಮಿ ಅವನನ್ನು ವಾಪಸ್ ಕಳಿಸಲಿಲ್ಲ. ಹುಡುಗನಿಗೆ ವಾಸಿಯಾಯಿತು.

ವಾಸಿಯಾಗದ ಕತೆಯೂ ಒಂದು ಇದೆ. ನನ್ನನ್ನು ಜಾಸ್ತಿ ಕಾಡುವುದು ಅದೇ. ಸ್ನಾನಿಕನಾದ ಯೋಹಾನ ಅರಸ ಹೆರೋದನ ಸೆರೆಯಲ್ಲಿದ್ದಾನೆ. ಯೇಸುಸ್ವಾಮಿಯನ್ನು ಇವರೇ ಬರಬೇಕಾದವರು ಅಂತ ಊರಿಗೆಲ್ಲ ಕೈ ಮಾಡಿ ತೋರಿಸಿದ್ದು ಅವನೇ. ಈಗ ಅವನೇ ಹೇಳಿ ಕಳಿಸುತ್ತಾನೆ. ಬರಬೇಕಾದವರು ನೀವೋ, ಅಥವಾ ಬೇರೊಬ್ಬರ ದಾರಿ ನೋಡಬೇಕೋ? ಯೇಸುಸ್ವಾಮಿ ಉತ್ತರವಾಗಿ ಪ್ರವಾದಿ ಯೆಶಾಯನ ವಾಗ್ದಾನಗಳ ಧಾಟಿಯಲ್ಲೇ ಹೇಳುತ್ತಾರೆ. ಕುರುಡರಿಗೆ ಕಣ್ಣು ಬರುತ್ತಿದೆ, ಕುಂಟರು ನಡೆಯುತ್ತಿದ್ದಾರೆ, ಬಡವರಿಗೆ ಶುಭವಾರ್ತೆ ಸಿಗುತ್ತಿದೆ. ಯೆಶಾಯನ ಗ್ರಂಥದಲ್ಲಿ ಸೆರೆಯಲ್ಲಿದ್ದವರಿಗೆ ಬಿಡುಗಡೆ ಅನ್ನುವುದೂ ಇದೆ. ಅದೊಂದನ್ನು ಅವರು ಹೇಳಲಿಲ್ಲ. ಯೋಹಾನ ಸೆರೆಯಿಂದ ಹೊರಗೆ ಬರಲೂ ಇಲ್ಲ. ಆದರೆ ಆ ಪ್ರಶ್ನೆ ಕೇಳಿ ಕಳಿಸಿದವನ ಬಗ್ಗೆಯೇ, ಸ್ತ್ರೀಯರಲ್ಲಿ ಹುಟ್ಟಿದವರಲ್ಲಿ ಇವನಿಗಿಂತ ದೊಡ್ಡವನಿಲ್ಲ ಅಂತ ಯೇಸುಸ್ವಾಮಿ ಜನರ ಎದುರು ಹೊಗಳಿದರು. ಸಂಶಯವನ್ನು ಯಾರ ಬಳಿಗೆ ತೆಗೆದುಕೊಂಡು ಹೋಗಬೇಕಿತ್ತೋ ಅವರ ಬಳಿಗೇ ಅವನು ಕಳಿಸಿದ್ದ. ಕೀರ್ತನೆಗಳು ಮಾಡುವುದೂ ಇದನ್ನೇ. 13ನೇ ಕೀರ್ತನೆ ಆರೇ ವಚನದ್ದು, ಅದರಲ್ಲಿ "ಎಷ್ಟರ ವರೆಗೆ" ಎಂಬ ಕೇಳಿಕೆ ನಾಲ್ಕು ಸಲ. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ. ಕೊನೆಗೊಂದು ಸಮಾಧಾನದ ಸಾಲೂ ಇಲ್ಲ. ಅದನ್ನೂ ಹಾಡಿನ ಪುಸ್ತಕದಿಂದ ತೆಗೆದು ಹಾಕಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ವಾಗ್ದಾನದ ಭಾರ ಯಾರ ತಲೆ ಮೇಲಿದೆ?

ಆದಿಕಾಂಡ 15. ದೇವರು ಅಬ್ರಹಾಮನನ್ನು ಹೊರಗೆ ಕರೆದು ನಕ್ಷತ್ರ ತೋರಿಸಿ, ನಿನ್ನ ಸಂತಾನ ಇಷ್ಟಾಗುತ್ತದೆ ಅನ್ನುತ್ತಾರೆ. 6ನೇ ವಚನದಲ್ಲಿ ಅಬ್ರಹಾಮ ನಂಬಿದ ಅಂತ ಇದೆ. ಸರಿ, ಎರಡು ವಚನ ಮುಂದೆ ಹೋಗಿ. ನಾಡು ನನ್ನದಾಗುತ್ತದೆ ಅಂತ ನಾನು ತಿಳಿಯುವುದು ಹೇಗೆ ಎಂದು ಅದೇ ಮನುಷ್ಯ ಕೇಳುತ್ತಾನೆ! ದೇವರು ಬೈಯುವುದಿಲ್ಲ. ಮೂರು ವರ್ಷದ ಕಡಸು, ಮೂರು ವರ್ಷದ ಆಡು, ಮೂರು ವರ್ಷದ ಟಗರು, ಎರಡು ಹಕ್ಕಿ ತಾ ಅನ್ನುತ್ತಾರೆ. ಅಬ್ರಹಾಮ ಹಕ್ಕಿ ಬಿಟ್ಟು ಉಳಿದವನ್ನು ನಡುವೆ ಕಡಿದು ಎದುರುಬದುರು ಇಡುತ್ತಾನೆ. ಆಮೇಲೆ ಏನೂ ಆಗುವುದಿಲ್ಲ. ಹದ್ದುಗಳು ಮಾಂಸಕ್ಕೆ ಎರಗುತ್ತವೆ. ಅವನು ಓಡಿಸುತ್ತ ಕೂರುತ್ತಾನೆ. ವಾಗ್ದಾನ ಸಿಕ್ಕಿದ ಮನುಷ್ಯ ಹದ್ದು ಓಡಿಸುತ್ತ ಕೂತದ್ದು ನನಗೆ ತುಂಬ ಹತ್ತಿರದ ಚಿತ್ರ. ಕಾಯುವುದು ಅಂದರೆ ಹೆಚ್ಚಿನ ದಿನ ಇಷ್ಟೇ.

ಹೊತ್ತು ಮುಳುಗುವಾಗ ಅವನಿಗೆ ಗಾಢ ನಿದ್ದೆ, ಭಯಂಕರ ಕತ್ತಲೆ. ಆಗ ಹೊಗೆಯಾಡುವ ಒಂದು ಒಲೆ, ಉರಿಯುವ ಒಂದು ಪಂಜು ಆ ಹೋಳುಗಳ ನಡುವೆ ಹಾದುಹೋಗುತ್ತವೆ. ಅಷ್ಟೇ ಘಟನೆ. ಇದು ಆ ಕಾಲದವರು ಒಡಂಬಡಿಕೆ ಮಾಡುತ್ತಿದ್ದ ಒಂದು ರೀತಿ. ಹೀಬ್ರೂ ನುಡಿಯಲ್ಲಿ ಒಡಂಬಡಿಕೆಯನ್ನು "ಕಡಿಯುವುದು" ಅಂತಲೇ ಹೇಳುತ್ತಾರೆ. ಹೋಳುಗಳ ನಡುವೆ ನಡೆದವನು, ಮಾತು ತಪ್ಪಿದರೆ ಈ ಪ್ರಾಣಿಗೆ ಆದದ್ದು ನನಗೂ ಆಗಲಿ ಅಂತ ಒಪ್ಪಿಕೊಂಡ ಹಾಗೆ. ಯೆರೆಮೀಯ 34ರಲ್ಲಿ ಇದರ ಅರ್ಥ ಸ್ಪಷ್ಟವಾಗಿ ಸಿಗುತ್ತದೆ. ಇಲ್ಲಿ ಮಾತ್ರ ಅಬ್ರಹಾಮ ನಡೆಯಲಿಲ್ಲ. ಅವನು ನಿದ್ದೆಯಲ್ಲಿದ್ದ. ಆ ಒಲೆ, ಪಂಜಿನ ರೂಪದಲ್ಲಿ ನಡೆದದ್ದು ದೇವರು ಒಬ್ಬರೇ.

ಸೊಸೈಟಿಯಲ್ಲಿ ಸಾಲ ತೆಗೆದವರಿಗೆ ಗೊತ್ತು, ಜಾಮೀನುದಾರರ ಸಹಿ ಇಲ್ಲದೆ ಕೆಲಸ ಆಗುವುದಿಲ್ಲ. ಜಾಮೀನು ಹಾಕಿದವರ ಎದೆ ಢವಢವ ಅನ್ನುತ್ತಿರುತ್ತದೆ. ಇಲ್ಲಿ ಮಾತು ಕೊಟ್ಟವರೂ ದೇವರೇ, ಆ ಮಾತಿಗೆ ಜಾಮೀನು ನಿಂತವರೂ ದೇವರೇ. ಇಬ್ರಿಯರಿಗೆ ಬರೆದ ಪತ್ರದ 6ನೇ ಅಧ್ಯಾಯ ಇದನ್ನೇ ಆಣೆಯ ಭಾಷೆಯಲ್ಲಿ ಹೇಳುತ್ತದೆ. ಜನ ತಮಗಿಂತ ದೊಡ್ಡವರ ಮೇಲೆ ಆಣೆ ಇಡುತ್ತಾರೆ. ನಮ್ಮ ಕಡೆ ಜಗಳ ಬಗೆಹರಿಯದಿದ್ದರೆ "ಧರ್ಮಸ್ಥಳಕ್ಕೆ ಬಾ, ಪ್ರಮಾಣ ಮಾಡು" ಅನ್ನುವುದು ಇದಕ್ಕೇ. ದೇವರಿಗೆ ತನಗಿಂತ ದೊಡ್ಡವರು ಯಾರೂ ಸಿಗದ ಕಾರಣ ತನ್ನ ಮೇಲೆಯೇ ಆಣೆ ಇಟ್ಟರು ಅನ್ನುತ್ತದೆ ಆ ಪತ್ರ. ಹೀಗಿರುವಾಗ ನನ್ನ ಹಿಡಿತ ಸಡಿಲವಾದರೆ ವಾಗ್ದಾನ ಬಿದ್ದು ಹೋಗುತ್ತದೆ ಅನ್ನುವ ಭಯಕ್ಕೆ ಎಲ್ಲಿ ಜಾಗ? ಅಬ್ರಹಾಮ ನಿದ್ದೆ ಮಾಡುತ್ತಿದ್ದ, ಮಾರಾಯ್ರೆ.

ಇಷ್ಟೆಲ್ಲ ಆದ ಮೇಲೂ ಅವನ ದಾರಿ ನೇರ ಇರಲಿಲ್ಲ. ಮುಂದಿನ ಅಧ್ಯಾಯದಲ್ಲೇ ದಾಸಿ ಹಾಗರಳಿಂದ ಮಗ ಪಡೆಯುವ ಅಡ್ಡದಾರಿ ಹಿಡಿದ. ಆಗ ಅವನಿಗೆ 86. ಆ ಅವಸರಕ್ಕೆ ಪೆಟ್ಟು ತಿಂದವಳು ಹಾಗರಳು. 99ರಲ್ಲಿ ದೇವರು ಮತ್ತೆ ಅದೇ ಮಾತು ಹೇಳಿದಾಗ ಬಗ್ಗಿ ಬಿದ್ದು ಮನಸ್ಸಿನಲ್ಲೇ ನಕ್ಕ. ಸಾರಳೂ ನಕ್ಕಳು. ಮಗ ಹುಟ್ಟಿದಾಗ ಅಬ್ರಹಾಮನಿಗೆ 100. ಊರು ಬಿಟ್ಟಾಗ 75. ನಡುವೆ 25 ವರ್ಷ. ಮಗನಿಗಿಟ್ಟ ಇಸಾಕ ಎಂಬ ಹೆಸರಿನಲ್ಲೇ ಆ ನಗು ಇದೆ. ನಾಡಿನ ವಾಗ್ದಾನದ ಗತಿ? ಅವನು ಸಾಯುವ ತನಕ ಅಲ್ಲಿ ಅವನದಾಗಿದ್ದ ಜಮೀನು ಸಾರಳನ್ನು ಹೂಳಲು 400 ಶೇಕೆಲ್ ಬೆಳ್ಳಿ ಕೊಟ್ಟು ಕೊಂಡ ಒಂದು ಹೊಲ, ಅದರಲ್ಲಿದ್ದ ಒಂದು ಗವಿ. ಅಷ್ಟೇ. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಅಪೊಸ್ತಲ ಪೌಲ, ಅಬ್ರಹಾಮ ಅಪನಂಬಿಕೆಯಿಂದ ಚಂಚಲನಾಗಲಿಲ್ಲ ಅನ್ನುತ್ತಾನಲ್ಲ, ಮೊದಮೊದಲು ನನಗೆ ಅದು ಮುಖಸ್ತುತಿಯ ಹಾಗೆ ಕಾಣುತ್ತಿತ್ತು. ಈಗ ಹಾಗೆ ಅನ್ನಿಸುವುದಿಲ್ಲ. ಪೌಲ ಬರೆದದ್ದು ದಿನಚರಿ ಅಲ್ಲ, ಖಾತೆಯ ಕೊನೆಯ ಲೆಕ್ಕ.

ಕಾಯುವುದರ ಬಗ್ಗೆ ಮಲೆನಾಡಿನವರಿಗೆ ಹೊರಗಿನವರು ಬಂದು ಹೇಳಿಕೊಡಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ನಾಡಿಗೆ ಕರೆಂಟ್ ಬಂತು, ಶರಾವತಿ ಕಣಿವೆಯ ಮನೆ, ತೋಟ, ಗದ್ದೆ ಮುಳುಗಡೆ ಆಯಿತು. ಹೊಸ ಜಾಗಕ್ಕೆ ಹೋದವರ ಮಕ್ಕಳು, ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಇನ್ನೂ ಕಚೇರಿ ಅಲೆಯುತ್ತಿದ್ದಾರೆ. ಹಿನ್ನೀರಿನ ಆಚೆ ಉಳಿದವರಿಗೆ ಆಸ್ಪತ್ರೆಗೂ ಸಂತೆಗೂ ಲಾಂಚೇ ಗತಿಯಾಗಿತ್ತು. ಸಿಗಂದೂರಿನ ಸೇತುವೆ ಉದ್ಘಾಟನೆ ಆದದ್ದು 2025ರ ಜುಲೈನಲ್ಲಿ. ಅದನ್ನು ಕೇಳಿ ಕೇಳಿ ಸೋತು, ನೋಡದೆ ಹೋದವರು ಎಷ್ಟೋ ಮಂದಿ. ಹೀಗೆ ಬೆಳೆದ ನಮಗೆ "ಮಾತು ಕೊಟ್ಟಿದ್ದಾರೆ" ಅಂದರೆ ಮೊದಲು ನಗುವೇ ಬರುತ್ತದೆ. ದೇವರ ಮಾತು ಬಂದಾಗಲೂ ಅದೇ ನಗು. ಮನುಷ್ಯರು ಮಾಡಿದ ಗಾಯವನ್ನು ನಾವು ದೇವರ ಖಾತೆಗೆ ಬರೆದಿರುತ್ತೇವೆ. ಅದು ತಪ್ಪು ಅಂತ ಯಾರನ್ನೂ ಬೈಯಲು ನನಗೆ ಮನಸ್ಸಿಲ್ಲ. ಗಾಯ ಎಲ್ಲಿಂದ ಬಂತು ಅಂತ ಗೊತ್ತಿದ್ದರೆ ಒಳ್ಳೆಯದು, ಅಷ್ಟೆ.

ಒಂದು ತಕರಾರು ನನಗೂ ಇತ್ತು. ನೆರವೇರಿದರೆ ದೇವರ ವಾಗ್ದಾನ, ನೆರವೇರದಿದ್ದರೆ "ಅದು ನಿನಗೆ ಕೊಟ್ಟದ್ದಲ್ಲ" ಅಥವಾ "ಇನ್ನೂ ಕಾಯಿ". ಇದು ಯಾವಾಗಲೂ ಗೆಲ್ಲುವ ಆಟ ಅಲ್ವಾ? ನ್ಯಾಯವಾದ ಪ್ರಶ್ನೆ. ಇದಕ್ಕೆ ಪೌಲ ಕೊಡುವ ಉತ್ತರ ಧೈರ್ಯದ್ದು. ದೇವರ ವಾಗ್ದಾನಗಳೆಲ್ಲ ಕ್ರಿಸ್ತನಲ್ಲಿ "ಹೌದು" ಆಗಿವೆ ಅಂತ ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿ ಹೇಳುವ ಅವನು, ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಎಲ್ಲವನ್ನೂ ಪಣಕ್ಕಿಡುತ್ತಾನೆ. ಕ್ರಿಸ್ತ ಸತ್ತವರೊಳಗಿಂದ ಎದ್ದುಬರದಿದ್ದರೆ ನಿಮ್ಮ ನಂಬಿಕೆಯೂ ವ್ಯರ್ಥ, ನಮ್ಮ ಪ್ರಸಂಗವೂ ವ್ಯರ್ಥ. ಜಾರಿಕೊಳ್ಳುವವನು ಹೀಗೆ ಬರೆಯುವುದಿಲ್ಲ. ಕ್ರೈಸ್ತ ನಂಬಿಕೆ ನಿಂತಿರುವುದು ನನ್ನ ಕಾರ್ಡಿನ ವಚನ ಈ ವರ್ಷ ಹೊಂದಿತಾ ಅನ್ನುವುದರ ಮೇಲಲ್ಲ, ಆ ಒಂದು ಬೆಳಗಿನ ಮೇಲೆ. ಅಲ್ಲಿ ಸಂಶಯ ಬಂದರೆ ಅದು ನಿಜವಾಗಿ ದೊಡ್ಡ ಸಂಶಯ, ಕೂತು ವಿಚಾರಿಸಬೇಕಾದ್ದು. ಗಾಯದ ಗುರುತು ನೋಡದೆ ನಂಬುವುದಿಲ್ಲ ಅಂದ ಶಿಷ್ಯ ತೋಮ ಮಾಡಿದ್ದು ಅದನ್ನೇ.

ಯೆರೆಮೀಯನದು ಇನ್ನೊಂದು ಕತೆ ಇದೆ, 32ನೇ ಅಧ್ಯಾಯ. ಬಾಬೆಲಿನ ಸೈನ್ಯ ಯೆರೂಸಲೇಮಿಗೆ ಮುತ್ತಿಗೆ ಹಾಕಿದೆ. ಅವನು ಕಾರಾಗೃಹದ ಅಂಗಳದಲ್ಲಿ ಬಂದಿ. ಆಗ ಚಿಕ್ಕಪ್ಪನ ಮಗ ಬಂದು ಅನಾತೋತಿನ ಹೊಲ ಕೊಂಡುಕೋ ಅನ್ನುತ್ತಾನೆ. ಶತ್ರುಗಳು ಕೂತಿರುವ ನಾಡಿನ ಹೊಲಕ್ಕೆ ಯಾರು ದುಡ್ಡು ಹಾಕುತ್ತಾರೆ? ದೇವರು ಕೊಂಡುಕೋ ಅಂದಿದ್ದರು. 17 ಶೇಕೆಲ್ ಬೆಳ್ಳಿ ತೂಗಿ ಕೊಡುತ್ತಾನೆ. ಸಾಕ್ಷಿಗಳ ಎದುರು ಸಹಿ. ಎರಡು ಪ್ರತಿ, ಒಂದಕ್ಕೆ ಮುದ್ರೆ, ಒಂದು ತೆರೆದದ್ದು. ಬಹುಕಾಲ ಬಾಳಲಿ ಅಂತ ಎರಡನ್ನೂ ಮಣ್ಣಿನ ಗಡಿಗೆಯಲ್ಲಿ ಇಡಿಸುತ್ತಾನೆ. ನಮ್ಮ ಸಬ್‌ ರಿಜಿಸ್ಟ್ರಾರ್ ಕಚೇರಿಯ ಕೆಲಸದ ಹಾಗೇ ಇದೆ. ಅದೆಲ್ಲ ಮುಗಿದ ಮೇಲೆ ಪ್ರಾರ್ಥನೆಗೆ ಕೂತು, ಪಟ್ಟಣ ಶತ್ರುಗಳ ಕೈಗೆ ಹೋಗುತ್ತಿರುವಾಗ ಹೊಲ ಕೊಂಡುಕೋ ಅಂತೀಯಲ್ಲ ಅಂತ ದೇವರನ್ನೇ ಕೇಳುತ್ತಾನೆ. ರಿಜಿಸ್ಟ್ರಿ ಮೊದಲು, ಸಂಶಯ ಆಮೇಲೆ. ಆ ಕ್ರಮ ನನಗೆ ಇಷ್ಟ.

ಮುಂದಿನ ವರ್ಷ ಮೇ ತಿಂಗಳ ಕೊನೆಗೆ ದೊಡ್ಡಮ್ಮನ ಮನೆಗೆ ಹೋದಾಗ ಇದನ್ನೆಲ್ಲ ಹೇಳಿದೆ. ಅರ್ಧ ಕೇಳಿದರು, ಅರ್ಧ ಕೇಳಲಿಲ್ಲ. ಕನ್ನಡಕ ಹಾಕಿಕೊಂಡು ಯೆರೆಮೀಯ 29ನ್ನು ಮೊದಲಿಂದ ಓದಿದರು. 5ನೇ ವಚನಕ್ಕೆ ಬೆರಳು ನಿಲ್ಲಿಸಿದರು. ಮನೆ ಕಟ್ಟಿಕೊಂಡು ವಾಸಿಸಿರಿ, ತೋಟ ಮಾಡಿ ಫಲ ಉಣ್ಣಿರಿ ಅಂತ ಸೆರೆಯಾದವರಿಗೆ ಹೇಳುವ ಮಾತು.

"ಇಲ್ಲಿ ತೋಟ ಅಂತ ಇದೆಯಲ್ಲೋ."

"ಇದೆ ದೊಡ್ಡಮ್ಮ."

"ಇದನ್ನ ಕಾರ್ಡಲ್ಲಿ ಹಾಕ್ಲಿಲ್ಲ." ಪುಸ್ತಕ ಮುಚ್ಚಿದರು. "ನಂಗೆ ಇನ್ನೂ ಸಿಟ್ಟಿದೆ. ಅದು ಬೇರೆ."

ಹಿತ್ತಿಲಿನಲ್ಲಿ ಹದಿನೈದು ಅಡಿಕೆ ಸಸಿ ತಂದಿಟ್ಟಿದ್ದರು, ಮರ ಸತ್ತ ಜಾಗಕ್ಕೆ ನೆಡಲು. ನಾನು ಗುದ್ದಲಿ ತೆಗೆದುಕೊಂಡೆ. ಅವರು ಸಸಿಯ ಬುಡ ನೋಡುತ್ತ ನಿಂತರು.

"ಫಸಲಿಗೆ ಎಷ್ಟು ವರ್ಷ ಇದಕ್ಕೆ?"

"ಐದಾರು ಬೇಕು."

ಬೆರಳು ಮಡಚಿ ಏನೋ ಎಣಿಸಿದರು. ಅವರಿಗೆ ಆಗ ಎಪ್ಪತ್ತೆರಡು.

"ಗುಂಡಿ ಇನ್ನೊಂಚೂರು ಆಳ ತೆಗಿ" ಅಂದರು.